ಕೇಳದೆ ಬರೆದ ಪ್ರಶ್ನೆ

ಒರೆಸಿದ ನೆಲದ ಒದ್ದೆ ಪಟ್ಟೆ ಕಾರಿಡಾರಿನ ನಟ್ಟನಡುವೆ ಹೊಳೆಯುತ್ತಿತ್ತು, ಅದರೊಳಗೆ ಚಾವಣಿಯ ಟ್ಯೂಬ್‌ಲೈಟು ಉದ್ದಕ್ಕೆ ಮಲಗಿತ್ತು, ತುಳಿದರೆ ಒಡೆದೀತೇನೋ ಅನ್ನುವ ಹಾಗೆ — ಅಂಚಲ್ಲಿ ಹೋಗಮ್ಮ, ಈಗ್ತಾನೆ ಒರೆಸಿದೀನಿ, ಎಂದಳು ನೆಲ ಒರೆಸುವಾಕೆ ತಲೆ ಎತ್ತದೆಯೇ, ಇವಳಿಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ, ಇಪ್ಪತ್ತಮೂರು ವರ್ಷದಿಂದ ಅಂಚಲ್ಲೇ ನಡೆದು ಬಂದವಳು ಇವಳು, ತರಗತಿಯಲ್ಲಿ ಗೋಡೆ ಬದಿ, ಬಸ್ಸಿನಲ್ಲಿ ಕಿಟಕಿ ಬದಿ, ಬಂಧುಗಳ ಫೋಟೋಗಳಲ್ಲೆಲ್ಲ ಯಾರದೋ ಬೆನ್ನ ಹಿಂದಿನಿಂದ ಅರ್ಧ ಕಿವಿ ಮಾತ್ರ — ಬಲಕ್ಕೆ ತಿರುಗಿದರೆ ನಾಲ್ಕನೇ ಬಾಗಿಲು ವಾರ್ಡಿನದು, ಗಡಿಯಾರದಲ್ಲಿ ಒಂಬತ್ತೂ ಹತ್ತು, ಹತ್ತಕ್ಕೆ ಮೀಟಿಂಗು, ಹತ್ತಕ್ಕೆ ಡಾಕ್ಟರು ಫೈಲು ತೆರೆದು ಆರನೇ ಮಂಚದ ಟೈಲರಮ್ಮನನ್ನು ಶುಕ್ರವಾರ ಎಲ್ಲಿಗೆ ಕಳಿಸೋಣ ಎಂದು ಕೇಳುತ್ತಾರೆ, ಆಗ ಫೀಲ್ಡ್‌ವರ್ಕ್ ಮೇಡಂ ಸಮಾಜಕಾರ್ಯ ಓದುತ್ತಿರುವ ಇವಳ ವರದಿ ಪುಸ್ತಕದ ಮೂವತ್ತೊಂದನೇ ಪುಟ ತೆರೆದು, ತಂಗಿ ಮನೆಗೆ ಹೋಗಬೇಕೆಂದು ರೋಗಿಯೇ ಹೇಳಿದ್ದಾರೆ ಎಂದು ಓದುತ್ತಾರೆ — ರೋಗಿ ಹೇಳಿಲ್ಲ. ರೋಗಿಯನ್ನು ಯಾರೂ ಕೇಳಿಯೇ ಇಲ್ಲ. ಕೇಳಿದೆ ಎಂದು ಬರೆದವಳು ಇವಳು, ಆ ಕೇಳದ ಪ್ರಶ್ನೆಗೆ ಉತ್ತರವನ್ನೂ ಬರೆದವಳು ಇವಳೇ, ಅಕ್ಷರ ಮಾತ್ರ ಎಷ್ಟು ದುಂಡಗೆ! ನಿನ್ನೆ ಮಧ್ಯಾಹ್ನ ಮೇಡಂ ಅದನ್ನು ತರಗತಿಯಲ್ಲಿ ಎಲ್ಲರೆದುರು ಓದಿದರು, ಇಂಥ ಪ್ರಶ್ನೆ ಕೇಳೋಕೆ ಧೈರ್ಯ ಬೇಕು ಅಂದರು, ಮುಂದಿನ ಟರ್ಮಿಗೆ ಆಸ್ಪತ್ರೆಯಲ್ಲಿ ಇರುವ ಒಂದೇ ಒಂದು ಜಾಗಕ್ಕೆ ಇವಳ ಹೆಸರು ಬರೆದು ಪತ್ರ ಕೊಡ್ತೀನಿ ಅಂದರು, ಅಷ್ಟರಲ್ಲಿ ನಿಲ್ಲಿಸಿದ್ದರೆ ಇವಳು ಸುಮ್ಮನೆ ಇದ್ದುಬಿಡುತ್ತಿದ್ದಳೋ ಏನೋ, ಆದರೆ ಅವರು ಮುಂದುವರಿಸಿದರು, ತಂಗಿಗೂ ಫೋನ್ ಮಾಡಿದೀವಿ, ಪಾಪ, ಅಕ್ಕನ ಹೊಲಿಗೆ ಅಂಗಡಿ ಖಾಲಿ ಮಾಡಿ ಬೀಗದಕೈ ವಾಪಸ್ ಕೊಟ್ಟುಬಿಡ್ತಾರಂತೆ — ಅದಕ್ಕೇ ಇವಳು ಇವತ್ತು ಮೀಟಿಂಗಿಗೆ ಮೊದಲೇ ಬಂದದ್ದು.

ಸುಳ್ಳು ಬರೆಯಬೇಕೆಂದು ಕೂತು ಬರೆದದ್ದಲ್ಲ, ಖಂಡಿತ ಅಲ್ಲ, ಆದರೆ ಯಾರು ನಂಬುತ್ತಾರೆ, ನಿಯಮವೇ ಹಾಗಿದೆ, ರೋಗಿಯ ಮುಂದೆ ಪೆನ್ನು ಹಿಡಿಯಬಾರದು, ಹಿಡಿದರೆ ಅವರ ಮಾತು ಮುದುಡಿಕೊಳ್ಳುತ್ತದೆ, ಆದ್ದರಿಂದ ಮನೆಗೆ ಬಂದು ನೆನಪಿನಿಂದ ಬರೆಯಬೇಕು, ಪುಟವನ್ನು ಉದ್ದಕ್ಕೆ ಮೂರು ಪಾಲು ಮಾಡಿ ಎಡಗಡೆ ನಡೆದ ಮಾತು ಆಡಿದ್ದು ಆಡಿದ ಹಾಗೆ, ನಡುವೆ ತನಗೆ ಅನ್ನಿಸಿದ್ದು, ಬಲಗಡೆಯ ಖಾಲಿ ಜಾಗ ಮೇಡಂ ಅವರ ಹಸಿರು ಶಾಯಿಗೆ, ಮತ್ತು ಸೋಮವಾರ ಸಂಜೆ ಊಟದ ಮೇಜಿನ ಮೇಲೆ ಇವಳ ಪುಟದ ಎಡಗಡೆ ಇದ್ದದ್ದು ನಾಲ್ಕೇ ಸಾಲು, ನಮಸ್ಕಾರ, ಹೂಂ, ಊಟ ಆಯ್ತಾ, ಆಯ್ತು — ನಡುವಿನ ಪಾಲು ಮಾತ್ರ ಮೂರು ಪುಟ ತುಂಬಿ ಅಂಚಿಗೆಲ್ಲ ಹರಿದಿತ್ತು, ಕಿಟಕಿಯ ಬೆಳಕು ಹೇಗಿತ್ತು, ಪಕ್ಕದ ಮಂಚದಾಕೆ ಹೇಗೆ ನಿಟ್ಟುಸಿರು ಬಿಟ್ಟರು, ತನ್ನ ಗಂಟಲು ಎಷ್ಟು ಸಲ ಒಣಗಿತು, ಏ ಪ್ಯಾರಾಗ್ರಾಫು, ನಿನ್ ರೋಗಿ ಸೀನಿದ್ರೂ ಎರಡು ಪುಟ ಬರೀತೀಯಲ್ಲೇ, ಎಂದು ರೇಗಿಸುವ ಕ್ಲಾಸಿನ ಮೈಕಾಸುರ, ಅವನ ಪುಸ್ತಕದಲ್ಲಿ ಮಾತೇ ಮಾತು, ಕಲ್ಲಿನ ಹತ್ತಿರವೂ ಕಷ್ಟಸುಖ ಹೇಳಿಸಿಕೊಂಡು ಬರುತ್ತಾನೆ, ಇವಳು ನಲವತ್ತು ನಿಮಿಷ ಸ್ಟೂಲಿನ ತುದಿಯಲ್ಲಿ ಕೂತು ಒಂದು ಪ್ರಶ್ನೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಚಪ್ಪರಿಸಿ ನುಂಗಿ ಬಂದವಳು, ಮನೆಗೆ ಹೋದ ಮೇಲೆ ನಿಮಗೆ ಏನು ಮಾಡಬೇಕು ಅಂತ ಆಸೆ, ಇಷ್ಟೇ, ಬಸ್ಸಿನಲ್ಲಿ ಹೋಗುವಾಗ ಅಭ್ಯಾಸ ಮಾಡಿದ್ದಳು, ಮೆಟ್ಟಿಲು ಹತ್ತುವಾಗ ಮಾಡಿದ್ದಳು, ಎಷ್ಟು ಸಲ ಮನಸ್ಸಿನಲ್ಲಿ ಕೇಳಿದ್ದಳೆಂದರೆ ಬರೆಯುವಾಗ ಅದು ಕೇಳಿಯೇ ಆಗಿಹೋದ ಹಾಗೆ ಇತ್ತು, ಬರೆದಳು, ಬರೆದ ಮೇಲೆ ಪ್ರಶ್ನೆ ಒಂಟಿಯಾಗಿ ನಿಂತಿತು, ಉತ್ತರ ಬೇಡವೇ, ಫೈಲಿನಲ್ಲಿ ಹತ್ತಿರದ ಬಂಧು ತಂಗಿ ಎಂದಿತ್ತು, ದಿನಾ ಫ್ಲಾಸ್ಕು ತರುವವಳೂ ತಂಗಿಯೇ, ಮತ್ತಿನ್ನೇನು ಹೇಳಿಯಾರು — ಏನೇ, ಇನ್ನೂ ಬರೀತಾನೇ ಇದೀಯ, ಒಂದು ಮಾತಾಡಿದ್ರೆ ಮುತ್ತು ಉದುರಿ ಹೋಗುತ್ತಾ, ಎಂದಳು ಅಮ್ಮ ತಟ್ಟೆ ಇಡುತ್ತಾ, ದಿನವಿಡೀ ಟಿಕೆಟ್ ಕೌಂಟರಿನ ಗಾಜಿನ ತೂತಿನಲ್ಲಿ ಮಾತಾಡಿ ಗಂಟಲು ಕಟ್ಟಿಸಿಕೊಂಡು ಬರುವ ಅಮ್ಮ, ಅದೇ ಅಮ್ಮ ಐದು ವರ್ಷದ ಹಿಂದೆ ಅಪ್ಪನ ಬೆನ್ನಿನ ಆಪರೇಷನ್ ಆದಾಗ ಮೂರು ದಿನ ತುಟಿ ಬಿಚ್ಚಿರಲಿಲ್ಲ, ಕಣ್ಣೀರು ಹಾಕಿರಲಿಲ್ಲ, ಆಗ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬಾಕೆ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಎಲ್ಲರೂ ಅಪ್ಪನ ಬಗ್ಗೆ ಕೇಳುತ್ತಿರುವಾಗ, ನೀವು ಊಟ ಮಾಡಿದ್ರಾ, ಎಂದಳು, ಅಮ್ಮ ಒಡೆದ ಕೊಳಾಯಿಯ ಹಾಗೆ ಸುರಿದುಹೋದಳು, ಇಂಥದ್ದೂ ಒಂದು ಕೆಲಸ ಇದೆಯಾ, ಇದಕ್ಕೂ ಓದಿಸ್ತಾರಾ, ಎಂದು ಹದಿನೆಂಟರ ಇವಳು ಡೈರಿಯಲ್ಲಿ ಬರೆದದ್ದು ಅವತ್ತು, ನಾನು ಇದಾಗಬೇಕು ಎಂದು ಎರಡು ಗೆರೆ ಎಳೆದದ್ದೂ ಅವತ್ತೇ, ಕಾಲೇಜಿನ ಸಂದರ್ಶನದಲ್ಲಿ ಸಮಾಜಕಾರ್ಯವೇ ಯಾಕಮ್ಮ ಅಂದರೆ ಇಷ್ಟೆಲ್ಲ ಇದ್ದೂ ಬಾಯಿಂದ ಬಂದದ್ದು, ಸುಮ್ಮನೆ ಸರ್ — ನಕ್ಕರು, ಸೇರಿಸಿಕೊಂಡರು. ಆಮೇಲೆ ಇವಳು ಆ ಹೆಂಗಸಿನ ಪ್ರಶ್ನೆಯನ್ನೇ ಮಂಚದಿಂದ ಮಂಚಕ್ಕೆ ಹೊತ್ತು ತಿರುಗಿದಳು, ಊಟ ಆಯ್ತಾ ಊಟ ಆಯ್ತಾ, ಆಕೆ ಅದನ್ನು ಕೇಳಿದ ಮೇಲೆ ಬಂದ ಉತ್ತರ ಕೇಳುತ್ತಾ ಅರ್ಧ ಗಂಟೆ ಕೂತಿದ್ದಳು ಅನ್ನುವುದು ಈಗ ಹೊಳೆಯುತ್ತಿದೆ, ಈ ವಾರ್ಡಿನ ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿರುವಾಗ, ತಣ್ಣಗಿದೆ ಹಿಡಿ, ಒಳಗೆ ಹೋಗದೆ ನೇರ ಮೇಡಂ ಹತ್ತಿರ ಹೋಗಿ ತಪ್ಪಾಯಿತು ಅಂದರೂ ಆಗುತ್ತದೆ, ಆದರೆ ಆಗಲೂ ಎಡಗಡೆಯ ಪಾಲು ಖಾಲಿಯೇ, ಟೈಲರಮ್ಮ ಎಲ್ಲಿಗೆ ಹೋಗಬೇಕು ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ, ತಳ್ಳು, ತಳ್ಳಿದಳು.

ಆರನೇ ಮಂಚ. ಲಕ್ವ ಹೊಡೆದು ಮೂರು ವಾರ, ಬಲಗೈ ದಿಂಬಿನ ಮೇಲೆ ಯಾರೋ ಮರೆತು ಹೋದ ಸಾಮಾನಿನ ಹಾಗೆ ಬಿದ್ದಿದೆ, ನಾಲಿಗೆ ಮಾತ್ರ ಸುಧಾರಿಸುತ್ತಿದೆ, ಒಂದೊಂದು ಮಾತೂ ಗೋಡೆ ಹಿಡಿದು ನಡೆದ ಹಾಗೆ ಬರುತ್ತದೆ, ಬಂದ್ಯಾ, ಎಂದರು ಟೈಲರಮ್ಮ, ಊಟ ಆಗಿದೆ, ತಿಂಡಿನೂ ಆಗಿದೆ, ಅದು ಬಿಟ್ಟು ಬೇರೆ ಏನಾದ್ರೂ ಇದ್ರೆ ಕೇಳು, ಪಕ್ಕದ ಮಂಚದಾಕೆ ಕಿಸಕ್ಕೆಂದರು, ಇವಳ ಕಿವಿ ಬಿಸಿಯಾಯಿತು, ಈಗ ಹೇಳದಿದ್ದರೆ ಇನ್ನು ಇಲ್ಲ, ಅಮ್ಮಾ ನಾನೊಂದು ತಪ್ಪು ಮಾಡಿದೀನಿ, ಮೊನ್ನೆ ನಾನು ಕೇಳದೇ ಇರೋದನ್ನ ಕೇಳಿದೆ ಅಂತ ಬರ್ದೆ, ನೀವು ಹೇಳದೇ ಇರೋದನ್ನ ಹೇಳಿದ್ರಿ ಅಂತ ಬರ್ದೆ, ತಂಗಿ ಮನೆಗೆ ಹೋಗ್ತೀನಿ ಅಂದ್ರಿ ಅಂತ, ಈಗ ಅದನ್ನೇ ಎಲ್ಲರೂ ನಿಜ ಮಾಡ್ತಿದಾರೆ — ನಾನು ಹಂಗಂದ್ನಾ — ಇಲ್ಲ — ನಾನು ಏನಂದೆ ಅಂತ ನೀನೇ ಬರ್ದ್ಯಾ — ಹೂಂ — ಟೈಲರಮ್ಮನ ಮುಖದ ಒಂದು ಬದಿ ನಕ್ಕಿತು, ಮೊನ್ನೆ ಅಷ್ಟು ಹೊತ್ತು ಕೂತಿದ್ಯಲ್ಲ, ನಾಲಿಗೆ ಬಿದ್ದಿರೋದು ನಂಗಾ ಈ ಹುಡುಗಿಗಾ ಅಂತ ಯೋಚ್ನೆ ಆಗೋಯ್ತು ಕಣೆ ನಂಗೆ, ಇವಳೂ ನಗಬೇಕೆಂದುಕೊಂಡಳು, ಅಂಗಡಿ ಬೀಗದ ವಿಷಯ ಹೇಳುವುದು ಬಾಕಿ ಇತ್ತು, ಹೇಳಿದಳು, ನಗು ಅಲ್ಲೇ ಒಣಗಿತು, ಇಪ್ಪತ್ತಾರು ವರ್ಷದ ಅಂಗಡಿ, ಎಂದರು, ನೀನು ಮುಚ್ಚಿಸಿಬಿಡ್ತಿದ್ದೆ, ಒಂದು ಸಾಲಲ್ಲಿ, ಮತ್ತೆ ಮುಖ ಗೋಡೆಗೆ ತಿರುಗಿಸಿಕೊಂಡರು, ಹೊರಗೆ ಟ್ರಾಲಿಯೊಂದು ಗಡಗಡ ಹೋಯಿತು, ಏಳಬೇಕು, ಎದ್ದು ಕಣ್ಣು ಒರೆಸಿಕೊಂಡು ಬಸ್ಸು ಹತ್ತಿ ಈ ಕೆಲಸ ನನ್ನಂಥವಳಿಗಲ್ಲ ಎಂದು ಡೈರಿಯಲ್ಲಿ ಚೆನ್ನಾಗಿ ಬರೆಯಬಹುದು, ಅರ್ಧ ಎದ್ದೂ ಆಗಿತ್ತು, ಬಾಯಿ ಅದಕ್ಕಿಂತ ಮೊದಲು ತೆರೆಯಿತು, ಮನೆಗೆ ಹೋದ ಮೇಲೆ ನಿಮಗೆ ಏನು ಮಾಡ್ಬೇಕು ಅಂತ ಆಸೆ, ಪಕ್ಕದ ಮಂಚದಾಕೆ ಎದ್ದು ಕೂತೇಬಿಟ್ಟರು, ಹತ್ತು ಉಸಿರು, ಹದಿನೈದು, ಈ ಸಲ ಇವಳು ತನ್ನ ಮಾತು ತಂದು ಆ ಜಾಗಕ್ಕೆ ತುಂಬಲಿಲ್ಲ, ಕೂತಳು. ತಿರುಗು, ಎಂದರು ಟೈಲರಮ್ಮ ಗೋಡೆಯ ಕಡೆಯಿಂದಲೇ. ಏನಮ್ಮ? ಟೈಲರಮ್ಮ ಇತ್ತ ತಿರುಗಿ ದಿಂಬಿನಿಂದ ತುಸು ಮೇಲೆದ್ದರು, ನಿನ್ ಬೆನ್ನು ಈ ಕಡೆ ತಿರುಗಿಸು, ಹತ್ರ ಬಾ, ಈ ಅಂಗಿ ಹೊಲಿದೋನು ಯಾರು — ರೆಡಿಮೇಡು ಅಮ್ಮ — ಅದಕ್ಕೇ, ಭುಜದ ಹೊಲಿಗೆ ಎರಡು ಬೆರಳು ಕೆಳಗಿಳಿದಿದೆ, ಯಾರದೋ ಅಂಗಿ ಕೇಳಿ ಹಾಕ್ಕೊಂಡು ಬಂದೋಳ ಥರ ಇದೀಯ, ಮತ್ತು ಆಗ ಎಡಗೈಯ ಹೆಬ್ಬೆರಳು ಇವಳ ಎಡ ಭುಜದ ಮೂಳೆಯ ಮೇಲೆ ಬಂದು ಊರಿತು, ಕಿರುಬೆರಳು ಬೆನ್ನಿನ ಮೇಲೆ ಹೊರಟಿತು, ನಡುಗಿತು, ನಿಂತಿತು, ಮತ್ತೆ ಹೊರಟಿತು, ಒಂದು ಗೇಣು, ಹೆಬ್ಬೆರಳು ಎದ್ದು ಕಿರುಬೆರಳಿದ್ದ ಕಡೆಗೆ ಬಂತು, ಇನ್ನೊಂದು ಗೇಣಿಗೆ ಬೆರಳು ಚಾಚಲಾರದೆ ಮಡಚಿಕೊಂಡಿತು, ಹಿಂದಿನಿಂದ ಉಬ್ಬಸದ ಉಸಿರು ಕೇಳುತ್ತಿತ್ತು, ಇವಳು ಅಲುಗಾಡಲಿಲ್ಲ, ಅಲುಗಾಡಿದರೆ ಲೆಕ್ಕ ತಪ್ಪುತ್ತದೆ, ಮತ್ತೆ ಚಾಚಿತು, ಮುಟ್ಟಿತು. ಎರಡು ಗೇಣು, ಒಂದು ಬೆರಳು ಕಮ್ಮಿ, ಎಂದರು ಟೈಲರಮ್ಮ, ಹೇಳಿ ದಿಂಬಿಗೆ ಒರಗಿದರು, ಈ ಬಲಗೈ ಇನ್ನು ಟೇಪು ಹಿಡಿಯಲ್ಲ ಅಂತ ನಂಗೊತ್ತು, ಅದಕ್ಕೇ ಎಡಗೈಗೆ ಗೇಣು ಕಲಿಸ್ತಾ ಇದೀನಿ, ಈ ಮಂಚದ ಅಂಚಲ್ಲಿ, ದಿನಾ, ತಂಗಿ ಒಳ್ಳೇವಳೇ, ಆದ್ರೆ ಅವಳು ನನ್ನ ಕೂರಿಸಿ ಉಣಿಸ್ತಾಳೆ, ಕೂರಿಸಿ ಉಣಿಸಿದ್ರೆ ಇದ್ದೊಂದು ಕೈನೂ ಹೋಗುತ್ತೆ, ಅಳತೆ ನಾನು ತಗೋತೀನಿ, ಬಟ್ಟೆ ಕತ್ತರಿಸೋಕೆ ಯಾರನ್ನಾದ್ರೂ ಇಟ್ಕೋತೀನಿ, ಬರ್ಕೋ — ನೆನಪಲ್ಲಿ ಇಟ್ಕೋತೀನಮ್ಮ, ಪೆನ್ನು ಹಿಡಿಯೋ ಹಾಗಿಲ್ಲ ನಮಗೆ — ಅಯ್ಯೋ ಮಾರಾಯ್ತಿ, ನಿನ್ ನೆನಪಿಂದಲೇ ಇಷ್ಟೆಲ್ಲ ಆಗಿರೋದು, ಬರ್ಕೋ! ನರ್ಸಿನ ಮೇಜಿನಿಂದ ಪೆನ್ನೂ ಒಂದು ಹಾಳೆಯೂ ತಂದಳು, ಬರೆದಳು, ಓದು ಎಂದರು, ಓದಿದಳು, ಅಂಗಡಿಗೆ ವಾಪಸ್ ಹೋಗಬೇಕು ಎಂದಿದ್ದಾರೆ — ತಪ್ಪು, ನನ್ನ ಅಂಗಡಿಗೆ ಅಂತ ಬರಿ — ಬರೆದಳು.

ಆಸ್ಪತ್ರೆಯಲ್ಲೇ ಇದ್ದ ಮೇಡಂ ಕೋಣೆಯಲ್ಲಿ ಒಂಬತ್ತೂ ನಲವತ್ತಕ್ಕೆ ಫ್ಯಾನು ತಿರುಗುತ್ತಿತ್ತು, ಇವಳಿಗೆ ಕೊಡಬೇಕಿದ್ದ ಪತ್ರ ಮೇಜಿನ ಮೇಲೇ ಇತ್ತು, ಅರ್ಧ ಬರೆದದ್ದು, ಹಸಿರು ಶಾಯಿ, ಇವಳು ಕೂರದೆ ಹೇಳಿದಳು, ಕೂತರೆ ಮಾತು ಒಳಗೆ ಇಳಿದುಹೋಗುತ್ತದೆಂಬ ಹೆದರಿಕೆಯಿಂದ ಒಂದೇ ಉಸಿರಿಗೆ, ಮೇಡಂ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ, ಆ ಪ್ರಶ್ನೆ ನಾನು ಕ್ಲಾಸಲ್ಲಿ ಓದಿದೆ, ಎಂದರು, ಮೆಚ್ಚಿ ಓದಿದೆ, ಇವಳು ತಲೆ ತಗ್ಗಿಸಿದಳು, ನೀನು ಹೇಳದೇ ಇದ್ದಿದ್ರೆ ಇದು ಯಾರಿಗೂ ಗೊತ್ತಾಗ್ತಿರ್ಲಿಲ್ಲ — ಗೊತ್ತಾಗ್ತಿತ್ತು ಮೇಡಂ, ಟೈಲರಮ್ಮಂಗೆ — ಪತ್ರ ಮೇಜಿನ ಖಾನೆಯೊಳಗೆ ಹೋಯಿತು, ಹರಿಯಲಿಲ್ಲ, ಖಾನೆಯೊಳಗೆ ಹೋಯಿತು ಅಷ್ಟೇ, ಇದನ್ನ ಈಗ ಮುಗಿಸೋಕೆ ನನ್ನ ಕೈಲಾಗಲ್ಲ, ಟರ್ಮ್ ಮುಗೀಲಿ, ನೋಡೋಣ, ಪುಸ್ತಕ ತಗೋ, ಆ ಸಾಲು ಉಜ್ಜಿ ಅಳಿಸ್ಬೇಡ, ಮೇಲೊಂದು ಗೆರೆ ಎಳಿ, ಏನಿತ್ತು ಅಂತ ಓದೋಕೆ ಕಾಣ್ಬೇಕು, ಕೆಳಗೆ ಇವತ್ತಿನ ತಾರೀಖು ಹಾಕು, ಇವಳು ಗೆರೆ ಎಳೆದಳು, ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗೆ ಹಗುರ, ಜೊತೆಗೇ ಆ ಒಂದೇ ಒಂದು ಜಾಗ ಕಣ್ಣ ಮುಂದೆಯೇ ದೂರ ಸರಿದ ಸಂಕಟ, ಎರಡೂ ಒಟ್ಟಿಗೆ, ಇನ್ನು ಮೀಟಿಂಗಲ್ಲಿ ನೀವು ಹೇಳ್ತೀರಲ್ಲ ಮೇಡಂ, ಎಂದಳು, ಇಲ್ಲ, ನಾನು ಪುಟ ಓದಲ್ಲ, ಕೇಳಿದವಳು ನೀನು, ನೀನೇ ಹೇಳು — ಹತ್ತು ಗಂಟೆ, ಉದ್ದ ಮೇಜು, ಡಾಕ್ಟರು, ನರ್ಸು, ವ್ಯಾಯಾಮ ಮಾಡಿಸುವವರು, ಬಾಗಿಲ ಪಕ್ಕದ ಕುರ್ಚಿಯಲ್ಲಿ ತೊಡೆಯ ಮೇಲೆ ಫ್ಲಾಸ್ಕು ಇಟ್ಟುಕೊಂಡ ತಂಗಿ, ಅಕ್ಕಂಗೆ ಕಿಟಕಿ ಇರೋ ರೂಮೇ ಖಾಲಿ ಮಾಡಿಟ್ಟಿದೀನಿ ಸರ್, ಎಷ್ಟು ಪ್ರೀತಿ ಆ ಮುಖದಲ್ಲಿ, ಇವರ ಎದುರು ಹೇಗೆ ಹೇಳುವುದು, ಗೋಡೆ ಬದಿ ಕುರ್ಚಿ ಇಲ್ಲ, ಇದ್ದ ಒಂದೇ ಕುರ್ಚಿ ಮೇಜಿನ ನಡುವಿನದು, ಸರಿ ಹಾಗಾದ್ರೆ, ಶುಕ್ರವಾರ ತಂಗಿ ಮನೆಗೆ, ಅಲ್ವಾ, ಎಂದರು ಡಾಕ್ಟರು ಪೆನ್ನಿನ ಮುಚ್ಚಳ ತೆಗೆಯುತ್ತಾ, ಮೇಡಂ ಫೈಲು ನೋಡುತ್ತಾ ಸುಮ್ಮನೆ ಕೂತಿದ್ದಾರೆ, ಪೆನ್ನು ಹಾಳೆಗೆ ಇಳಿಯುತ್ತಿದೆ, ಅಲ್ಲ ಸರ್ — ಯಾರ ದನಿ ಇದು, ಇವಳದೇ, ಎಲ್ಲರ ಮುಖ ಇತ್ತ ತಿರುಗಿತು, ತಂಗಿಯ ಕೈ ಫ್ಲಾಸ್ಕಿನ ಮೇಲೆ ಬಿಗಿಯಾಯಿತು, ಅವರು ಹೇಳಿದ್ದು ಅದಲ್ಲ, ನಾನು ಇವತ್ತು ಬೆಳಿಗ್ಗೆ ಕೇಳಿದೆ, ಬರ್ಕೊಂಡಿದೀನಿ, ಓದ್ತೀನಿ — ನನ್ನ ಅಂಗಡಿಗೆ ವಾಪಸ್ ಹೋಗಬೇಕು ಎಂದಿದ್ದಾರೆ, ಓದುತ್ತಿದ್ದಾಳೆ, ಬೆನ್ನಿನ ಮೇಲೆ ಏನೋ ನಿಂತಿದೆ, ಎಡ ಭುಜದ ಮೂಳೆಯ ಮೇಲೆ ಊರಿದ ಹೆಬ್ಬೆರಳು, ನಡುಗುತ್ತಾ ಹೊರಟ ಕಿರುಬೆರಳು, ಒಂದು ಗೇಣು, ಮತ್ತೆ ಹೆಬ್ಬೆರಳು, ಮತ್ತೆ ಆ ಕಿರುಬೆರಳು, ಚಾಚುತ್ತಿದೆ, ಮಡಚುತ್ತಿದೆ, ಚಾಚುತ್ತಿದೆ —