ಊಟದ ಹೊತ್ತಿನ ಮಿಸ್ಡ್ ಕಾಲ್

1.

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ದೊಡ್ಡ ತಕರಾರು. ಅರುಣ್‌ಕುಮಾರನನ್ನು ಕೇಳಿದರೆ ಪೇಜರಿನಿಂದ ಶುರು ಮಾಡಿ ಅನ್ನುತ್ತಾನೆ. ಚನ್ನರಾಯಪಟ್ಟಣದಲ್ಲಿ ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡು ಓಡಾಡಿದ ಮೊದಲಿಗ ತಾನೇ ಅನ್ನುವುದು ಅವನ ಹೆಮ್ಮೆ. (ಆ ಪೇಜರಿಗೆ ನಮ್ಮ ಕಡೆ ಸಿಗ್ನಲ್ಲೇ ಇರಲಿಲ್ಲ. ಟೈಮ್ ನೋಡುವುದಕ್ಕೆ ಇಟ್ಟುಕೊಂಡಿದ್ದ.) ಅವನ ಹೆಂಡತಿ ಕೋಮಲಾಳನ್ನು ಕೇಳಿದರೆ ಹಿತ್ತಲಿನ ಕಲ್ಲುತೊಟ್ಟಿಯಿಂದ ಶುರು ಮಾಡಿ ಅನ್ನುತ್ತಾಳೆ. ಅವನ ತಾಯಿ ಬೆಳ್ಳಮ್ಮನನ್ನು ನಾನು ಕೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ, ಮತ್ತು ಈ ಕಥೆ ಇಷ್ಟು ದಿನ ಮುಗಿಯದೆ ಬಿದ್ದಿರುವುದಕ್ಕೆ ಅದೇ ಕಾರಣ.

ನಿಜ ಹೇಳಬೇಕೆಂದರೆ ನಾನು ಬರೆಯಹೊರಟಿದ್ದು ಕಥೆಯಲ್ಲ, ಲಘು ಅಂಕಣ. ಹಾಸನದ ಒಂದು ವಾರಪತ್ರಿಕೆಯವರು ಹೊಸ ಉಪಕರಣಗಳ ಬಗ್ಗೆ ಜನ ಓದಿ ನಗುವಂಥದ್ದು ಏನಾದರೂ ಕೊಡಿ ಅಂದಿದ್ದರು. ಅರುಣನ ಬಾಯಿ ಬಿಡಿಸಿದರೆ ಸಾಕಲ್ಲ ಅಂದುಕೊಂಡೆ.

2.

ಮೊದಲ ಕರಡು ಹೀಗಿತ್ತು:

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಅರುಣನ ಅಂಗಡಿ. ರೇಡಿಯೊ ರಿಪೇರಿಯಿಂದ ಶುರುವಾಗಿ ಎಸ್‌ಟಿಡಿ ಬೂತಾಗಿ, ಈಗ ಮೊಬೈಲ್ ಕರೆನ್ಸಿ ಹಾಕುವ, ಮೊಬೈಲ್ ಬಿಚ್ಚುವ ಅಂಗಡಿಯಾಗಿದೆ. ಗಿರಾಕಿ ಬಂದರೂ ಬಾರದಿದ್ದರೂ ಅವನ ಅಭಿಪ್ರಾಯಗಳು ನಿಲ್ಲುವುದಿಲ್ಲ.

ಟಿವಿ ರಿಮೋಟ್ ಬಗ್ಗೆ: "ಮನೇಲಿ ಯಜಮಾನ ಯಾರು ಅಂತ ಪಡಿತರ ಚೀಟಿ ನೋಡ್ಬಾರ್ದು ಸಾ. ರಿಮೋಟ್ ಯಾರ ದಿಂಬಿನ್ ಕೆಳಗೈತೆ ನೋಡ್ಬೇಕು."

ಸೊಳ್ಳೆ ಬ್ಯಾಟಿನ ಬಗ್ಗೆ: "ಸೊಳ್ಳೆ ಸಾಯೋದು ಮುಖ್ಯ ಅಲ್ಲ. ಚಟ್ ಅನ್ಬೇಕು. ಜನಕ್ಕೆ ಆ ಸದ್ದೇ ಸಮಾಧಾನ."

ಮಿಕ್ಸಿ ಬಗ್ಗೆ: "ಮಿಕ್ಸಿ ಕೆಟ್ಟೋಯ್ತು ಅಂತ ತತ್ತಾರೆ. ಕೆಟ್ಟಿರಾಕಿಲ್ಲ. ಮುಚ್ಚಳ ಸರಿಯಾಗಿ ಕೂತಿರಲ್ಲ ಅಷ್ಟೆ. ಯಂತ್ರ ತಾನಾಗಿ ತಪ್ಪು ಮಾಡಲ್ಲ ಸಾ. ಎಲ್ಲೋ ಯಾರೋ ಏನೋ ಮುಟ್ಟಿರ್ತಾರೆ."

ಈ ಕೊನೆಯ ಮಾತು ಅವನ ವೇದವಾಕ್ಯ. ಇದನ್ನೇ ಶೀರ್ಷಿಕೆ ಮಾಡಿ ಮುಗಿಸಿಬಿಡೋಣ ಅಂತಿದ್ದೆ. ಅಷ್ಟರಲ್ಲಿ ಅರುಣನ ತೋಟದ ಆಳು ಲಕ್ಕಯ್ಯನ ಬೆರಳು ಹೋಯಿತು. ಕರಡನ್ನು ಹರಿದು ಹಾಕಿದೆ.

(ಪೂರ್ತಿ ಹರಿಯಲಿಲ್ಲ, ನೋಡಿ. ಲೇಖಕರ ಬುದ್ಧಿ. ಇಲ್ಲೇ ಅಂಟಿಸಿದ್ದೇನೆ.)

3.

ಈಗ ಗಂಭೀರವಾಗಿ ಶುರು ಮಾಡುತ್ತೇನೆ.

ಅರುಣನ ಮನೆ ಇರುವುದು ಬಾಗೂರಿನಲ್ಲಿ. ಊರಾಚೆ ತೆಂಗಿನ ತೋಟ, ತೋಟದಲ್ಲಿ ಬಾವಿ, ಬಾವಿಗೆ ಬೆಲ್ಟಿನ ಪಂಪು. ಬಾವಿಯಿಂದ ಮನೆಯ ಹಿತ್ತಲಿನ ಕಲ್ಲುತೊಟ್ಟಿಯವರೆಗೆ ಒಂದು ಪೈಪು. ಅವನ ತಂದೆ ಬೀರಲಿಂಗಯ್ಯ ದಿನವಿಡೀ ತೋಟದಲ್ಲೇ ಇರುತ್ತಿದ್ದರು. ಮೊಬೈಲು ಅಗ್ಗವಾದ ಮೇಲೆ ಅರುಣ ಅಪ್ಪನಿಗೊಂದು ಕಪ್ಪು-ಬಿಳುಪು ಪರದೆಯ ಫೋನು, ಅವ್ವನಿಗೊಂದು ಫೋನು ತಂದುಕೊಟ್ಟ. ಅವ್ವನ ಫೋನಿನಲ್ಲಿ ಎರಡನೇ ಗುಂಡಿ ಒತ್ತಿ ಹಿಡಿದರೆ ಅಪ್ಪನಿಗೆ ಹೋಗುವ ಹಾಗೆ ಮಾಡಿಟ್ಟ.

ಆಗಿನ ಕಾಲ ನಿಮಗೆ ನೆನಪಿರಬಹುದು. ಯಾರೂ ಫೋನು ಎತ್ತುತ್ತಿರಲಿಲ್ಲ, ಎತ್ತಿದರೆ ದುಡ್ಡು. ಒಂದು ರಿಂಗ್ ಕೊಟ್ಟು ಕತ್ತರಿಸಿದರೆ ಬಸ್ಸು ಹತ್ತಿದೆ ಅಂತ, ಎರಡು ಕೊಟ್ಟರೆ ಇಳಿದೆ ಅಂತ. ಹೊಳೆನರಸೀಪುರದಲ್ಲೂ ಅರಕಲಗೂಡಿನಲ್ಲೂ ಇಡೀ ಸಂಸಾರಗಳು ಮಿಸ್ಡ್ ಕಾಲಿನ ಮೇಲೆ ನಡೆಯುತ್ತಿದ್ದವು. ಬೆಳ್ಳಮ್ಮ ಮುದ್ದೆ ಇಳಿಸಿದ ಮೇಲೆ ಎರಡನ್ನು ಒತ್ತಿ ಒಂದೇ ರಿಂಗ್ ಕೊಡುತ್ತಿದ್ದಳು. ಅಂದರೆ ಊಟಕ್ಕೆ ಬಾ. ಬೀರಲಿಂಗಯ್ಯನವರು ಮೋಟಾರು ಚಾಲೂ ಮಾಡಿ, ಮನೆ ತೊಟ್ಟಿಗೆ ನೀರು ಬಿಟ್ಟು, ಬರುತ್ತಿದ್ದರು. ತೊಟ್ಟಿಗೆ ನೀರು ಬಿತ್ತೆಂದರೆ ಅವರು ಹೊರಟರು ಅಂತ ಅವಳಿಗೆ ಗೊತ್ತಾಗುತ್ತಿತ್ತು. ಅದೇ ಉತ್ತರ.

ಒಂದು ಯುಗಾದಿ ಕಳೆದ ವಾರ ಬೀರಲಿಂಗಯ್ಯ ತೋಟದಲ್ಲೇ ಕೂತು ಎದೆ ಹಿಡಿದುಕೊಂಡರು. ಏಳಲಿಲ್ಲ.

4.

"ಸಾ, ಇಷ್ಟು ಬೇಗ ಸಾಯಿಸ್ಬುಟ್ರಲ್ಲ ಅಪ್ಪನ್ನ," ಅಂತ ಅರುಣ ಇಲ್ಲಿ ಬೇಸರ ಮಾಡಿಕೊಂಡ. "ಒಂದ್ ಸಾಲಲ್ಲಿ?"

ಎರಡು ಸಾಲು, ಅಂದೆ.

ಅಂದ ಮೇಲೆ ನನಗೇ ನಾಚಿಕೆಯಾಯಿತು. ಆದರೆ ಆ ಭಾಗವನ್ನು ಹಿಗ್ಗಿಸಿ ಬರೆದರೆ ಅದು ನನ್ನ ದುಃಖವಾಗುತ್ತದೆ, ಅವರದ್ದಲ್ಲ. ಇರಲಿ, ಮುಂದೆ ಹೋಗೋಣ.

5.

ತಿಥಿಗಳೆಲ್ಲ ಮುಗಿದ ಮೇಲೆ ತೋಟ ಅರುಣನ ಕೊರಳಿಗೆ ಬಿತ್ತು. ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ಅಂಗಡಿ ಬಿಟ್ಟು ಮೋಟಾರು ಕಾಯುವುದು ಹೇಗೆ? ಅವನು ಅಪ್ಪನ ಫೋನನ್ನು ಬಿಚ್ಚಿದ. ಕರೆ ಬಂದಾಗ ಅದನ್ನು ಗಡಗಡ ನಡುಗಿಸುವ ಭಾಗದ ತಂತಿಗಳನ್ನು ಎಳೆದು ಒಂದು ರಿಲೇಗೆ, ಅಂದರೆ ತಾನೇ ಒತ್ತಿಕೊಳ್ಳುವ ಸಣ್ಣ ಸ್ವಿಚ್ಚಿಗೆ, ರಿಲೇಯನ್ನು ಸ್ಟಾರ್ಟರಿಗೆ ಜೋಡಿಸಿದ. ಫೋನನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು ಮೋಟಾರ್ ಮನೆಯ ಗೋಡೆಗೆ ಬಡಿದ. ಅಂಗಡಿಯಲ್ಲಿ ಕೂತು ಒಂದು ರಿಂಗ್ ಕೊಟ್ಟರೆ ಬಾಗೂರಿನಲ್ಲಿ ಮೋಟಾರು ಹೊರಡುತ್ತಿತ್ತು. ಇನ್ನೊಂದು ಕೊಟ್ಟರೆ ನಿಲ್ಲುತ್ತಿತ್ತು. ಅಕ್ಕಪಕ್ಕದ ಊರಿನವರು ಬಂದು ನೋಡಿ ಹೋದರು. ನಾನೂ ಹೋಗಿದ್ದೆ.

"ಹೊಸ ಸಿಮ್ ಯಾಕೆ ಸಾ ದಂಡ? ಅಪ್ಪನ್ದೇ ಇತ್ತಲ್ಲ, ಸುಮ್ನೆ ಬಿದ್ದಿತ್ತು."

(ಓದುಗರೇ, ನಿಮಗೆ ಆಗಲೇ ಗೊತ್ತಾಗಿರಬೇಕು. ಬಚ್ಚಿಡುವ ಆಸೆ ನನಗಿಲ್ಲ. ಅರುಣನಿಗೆ ಮಾತ್ರ ಗೊತ್ತಾಗಲಿಲ್ಲ. ಅವನು ಯಂತ್ರವನ್ನು ನೋಡುತ್ತಿದ್ದ.)

ಮೋಟಾರು ಕೆಲವು ಮಧ್ಯಾಹ್ನ ತಾನಾಗಿಯೇ ಹೊರಡತೊಡಗಿತು. ಹಗಲು ಕರೆಂಟಿರುವ ವಾರ ಮಾತ್ರ. ಅರುಣ ಹಲ್ಲಿಯನ್ನು ಬೈದ, ಇರುವೆಯನ್ನು ಬೈದ, ವೋಲ್ಟೇಜನ್ನು ಬೈದ. ಹಾಸನಕ್ಕೆ ಹೋಗಿ ಬೇರೆ ರಿಲೇ ತಂದ. ಡಬ್ಬದ ಸಂದಿಗೆ ಮೇಣ ಕರಗಿಸಿ ಸುರಿದ.

"ನಂಗ್ ಈ ಕತೇಲಿ ಮಾತೇ ಇಲ್ವಾ ಸಾ?" ಅಂತ ಕೋಮಲಾ ಕೇಳಿದಳು.

ಹೇಳಮ್ಮ.

"ಮಧ್ಯಾನ ತೊಟ್ಟಿಗೆ ನೀರ್ ಬರ್ತಿತ್ತು, ನಾನು ಬಟ್ಟೆ ಒಗ್ಕತಿದ್ದೆ. ಇವ್ರೇ ಬುಡ್ತಾವ್ರೆ ಅನ್ಕೊಂಡಿದ್ದೆ. ಬರೋ ನೀರ್ನ ಯಾಕ್ ಬಂದೆ ಅಂತ ಯಾರಾರಾ ಕೇಳ್ತಾರಾ?"

6.

ಲಕ್ಕಯ್ಯ ತೋಟದ ಕೆಲಸಕ್ಕೆ ಬರುವವನು, ಬೀರಲಿಂಗಯ್ಯನ ಓರಗೆಯವನು. ಆ ದಿನ ಬೆಲ್ಟು ಜಾರಿತ್ತು. ಮೋಟಾರು ನಿಂತಿತ್ತು. ಇಂಥ ಸಣ್ಣ ಕೆಲಸಕ್ಕೆ ನಮ್ಮ ಕಡೆ ಯಾರೂ ಫ್ಯೂಸು ಕೀಳುವುದಿಲ್ಲ. ಒಮ್ಮೆ ಕಿತ್ತರೆ ಮತ್ತೆ ಸರಿಯಾಗಿ ಕೂರುವುದಿಲ್ಲ ಅನ್ನುವ ಭಯ. ಕೆಂಪು ಗುಂಡಿ ಒತ್ತಿದರೆ ಆಯಿತು. ಲಕ್ಕಯ್ಯ ಅದನ್ನು ಒತ್ತಿದ್ದ. ಬೆಲ್ಟನ್ನು ಗಾಲಿಗೆ ಏರಿಸುತ್ತಿದ್ದ ಹೊತ್ತಿಗೆ ಮೋಟಾರು ಹೊರಟಿತು.

ಎಡಗೈ ನಡುಬೆರಳಿನ ತುದಿ ಹೋಯಿತು. ತೋಳಿನವರೆಗೂ ಎಳೆದುಕೊಳ್ಳಬಹುದಿತ್ತು. ಟವೆಲ್ ಸಿಕ್ಕಿ ಬೆಲ್ಟು ಹಾರಿದ್ದರಿಂದ ಉಳಿದ.

ಆ ಇಡೀ ವಾರ ಅರುಣ ಅಂಗಡಿ ತೆಗೆಯಲಿಲ್ಲ. ಲಕ್ಕಯ್ಯನಿಗೆ ಬ್ಯಾಂಡೇಜು ಕಟ್ಟಿಸಿ ತಂದು ಬಿಟ್ಟವನು, ಮಾರನೇ ದಿನ ಫ್ಯೂಸು ಕಿತ್ತು ಜೇಬಿಗಿಟ್ಟುಕೊಂಡು, ಡಬ್ಬದ ಮುಚ್ಚಳ ತೆಗೆದು ಅದರ ಮುಂದೆ ಕೂತ. ತಪ್ಪು ಮಾಡಿದ ಯಂತ್ರವನ್ನು ಕಣ್ಣಾರೆ ಹಿಡಿಯಬೇಕು ಅಂತ. ಬಿಸಿಲು ನೆತ್ತಿಗೆ ಬಂತು. ಡಬ್ಬದೊಳಗೆ ಅಪ್ಪನ ಫೋನಿನ ಪರದೆ ಹಸಿರಾಗಿ ಬೆಳಗಿತು. ರಿಲೇ ಟಕ್ ಅಂದಿತು. ಪರದೆಯ ಮೇಲೆ ಅವನೇ ಹಿಂದೆ ಸೇರಿಸಿದ್ದ ಹೆಸರು ಮೂಡಿತ್ತು: ಮನೆ.

ಎಲ್ಲೋ ಯಾರೋ ಏನೋ ಮುಟ್ಟಿದ್ದರು.

7.

ಇದನ್ನು ನಾನು ಕಂಡಿದ್ದಲ್ಲ. ಅರುಣ ಹೇಳಿದ್ದು. ಹೇಳುವಾಗ ಅವನು ಅತ್ತ, ನಾನು ಬಸ್ಸುಗಳನ್ನು ನೋಡುತ್ತ ಕೂತೆ.

ಅವನು ತೋಟದಿಂದ ಮನೆಗೆ ಓಡಿ ಬಂದಾಗ ಬೆಳ್ಳಮ್ಮ ಒಲೆಯ ಮುಂದಿದ್ದಳು. ಫೋನು ಪಕ್ಕದಲ್ಲಿತ್ತು.

"ಅವ್ವಾ, ಈಗ ಯಾರ್ಗೆ ರಿಂಗ್ ಕೊಟ್ಟೆ?"

"ನಿಮ್ಮಪ್ಪಂಗೆ."

"ಅಪ್ಪ ಇಲ್ವಲ್ಲವ್ವಾ."

"ನಂಗೊತ್ತಿಲ್ವೇನ್ಲಾ? ಅವ್ರ್ ಬಾಯ್ಗೆ ನೀರ್ ಬುಟ್ಟೋಳೇ ನಾನು." ಅವಳು ಮುದ್ದೆಯ ಕೋಲನ್ನು ತೊಳೆದು ಗೋಡೆಗೆ ಒರಗಿಸಿದಳು. "ಮುದ್ದೆ ಇಳುಕಿದ್ ಮ್ಯಾಲೆ ಕೈ ತಾನಾಗೇ ಒತ್ಬುಡ್ತದೆ ಕಣ್ಲಾ. ರಿಂಗ್ ಆಯ್ತದೆ, ಅದ್ಕೇ ಕೊಡ್ತೀನಿ. ಆಗ್ದಿದ್ ದಿಸ ಬುಟ್ಬುಡ್ತೀನಿ."

ಲಕ್ಕಯ್ಯನ ಬೆರಳಿಗೂ ಈ ರಿಂಗಿಗೂ ಇರುವ ಸಂಬಂಧ ಅವಳಿಗೆ ಗೊತ್ತಿರಲಿಲ್ಲ. ಅರುಣ ಹೇಳಲಿಲ್ಲ. ಜೇಬಿನಲ್ಲಿದ್ದ ಫ್ಯೂಸನ್ನು ಹಿಡಿದುಕೊಂಡೇ ಊಟಕ್ಕೆ ಕೂತ.

8. ಮುಕ್ತಾಯ, ಅರುಣನ ಪ್ರಕಾರ

"ಇದ್ರಾಗೆ ಕಷ್ಟ ಏನೈತೆ ಸಾ? ಮೋಟ್ರಿಗೆ ಹೊಸ ಫೋನು, ಹೊಸ ಸಿಮ್. ಅಪ್ಪನ್ ಫೋನು ಅಂಗಡೀಲಿ ಚಾರ್ಜಿಗೆ. ಅವ್ವ ರಿಂಗ್ ಕೊಟ್ಕಳ್ಳಿ, ರಿಂಗ್ ಆಯ್ತಿರ್ಲಿ. ಯಾರ್ ಕೈಗೂ ಏನೂ ಆಗಲ್ಲ."

ನಾನೂ ಒಪ್ಪಿದೆ. ಹಾಗೇ ಬರೆದೆ. ಅವನು ಹಾಗೇ ಮಾಡಿದ. ಮಧ್ಯಾಹ್ನ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಅಪ್ಪನ ಫೋನು ಒಂದು ಸಲ ರಿಂಗಾಗಿ ನಿಂತಿತು. ಗಿರಾಕಿಯೊಬ್ಬ "ನಿಮ್ ಫೋನು" ಅಂದ. ಅರುಣ ನನ್ನದಲ್ಲ ಅಂದ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಹಗಲು ಕರೆಂಟಿನ ವಾರ ಬಂದಾಗ ಬೆಳ್ಳಮ್ಮ ಹಿತ್ತಲಿಗೆ ಹೋಗಿ ನಿಂತಳು, ಒಳಗೆ ಬಂದಳು, ಮತ್ತೆ ಹೋದಳು. ರಾತ್ರಿ ಮಗನಿಗೆ ಊಟ ಬಡಿಸುವಾಗ ಮೆಲ್ಲಗೆ ಹೇಳಿದಳು:

"ರಿಂಗ್ ಆಯ್ತದೆ ಕಣ್ಲಾ. ತೊಟ್ಟಿಗೆ ನೀರ್ ಬರಾಕಿಲ್ಲ."

ಅಂದರೆ ಅವಳಿಗೆ ಅಷ್ಟೂ ದಿನ ಉತ್ತರ ಬರುತ್ತಿತ್ತು. ಕಳಿಸುತ್ತಿದ್ದುದು ಬಿಸ್ಕತ್ತಿನ ಡಬ್ಬ ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಈ ಮುಕ್ತಾಯವನ್ನು ಕೈಬಿಟ್ಟೆ.

9. ಮುಕ್ತಾಯ, ನನ್ನದು

ಅರುಣ ತಾಯಿಗೆ ಎಲ್ಲ ಹೇಳಿಬಿಡುತ್ತಾನೆ. ಬೆಳ್ಳಮ್ಮ ಎದ್ದು ಹೋಗಿ ಲಕ್ಕಯ್ಯನ ಕೈ ಹಿಡಿದು

ಇಲ್ಲ. ಇಲ್ಲಿ ಪೆನ್ನು ನಿಂತಿತು. ಅವಳ ದಿನದಲ್ಲಿ ಉಳಿದಿದ್ದ ಒಂದು ಮಾತನ್ನು ಕಿತ್ತುಕೊಂಡು, ಅದರ ಜಾಗದಲ್ಲಿ ಅಪರಾಧವನ್ನು ಇಡುವ ಹಕ್ಕು ನನಗೆ ಯಾರು ಕೊಟ್ಟರು? ಬೇಡ.

10. ಮುಕ್ತಾಯ, ಲಕ್ಕಯ್ಯನದು

ಅರುಣ ಲಕ್ಕಯ್ಯನ ಜಗಲಿಯಲ್ಲಿ ಕೂತು ಎಲ್ಲ ಹೇಳಿದ. ಲಕ್ಕಯ್ಯ ಬೀಡಿ ಹಚ್ಚಲು ನೋಡಿದ. ಬ್ಯಾಂಡೇಜಿನ ಕೈಯಲ್ಲಿ ಕಡ್ಡಿಪೆಟ್ಟಿಗೆ ನಿಲ್ಲಲಿಲ್ಲ, ಅರುಣ ಹಚ್ಚಿಕೊಟ್ಟ.

"ಅದು ಯಜಮಾನ್ರು ಉಣ್ಣಾಕೆ ಏಳ್ತಿದ್ದ ವೊತ್ತು ಅಲ್ವೇನಪ್ಪ?"

"ಊಂ."

"ಆ ವೊತ್ತಲ್ಲಿ ಎತ್ತಿನ್ ನೊಗಾನೂ ಬಿಚ್ತಿದ್ವು. ಉಣ್ಣೋ ವೊತ್ತಲ್ಲಿ ಗೇಯಾಕ್ ಓಗಿದ್ದೋನು ನಾನೇ. ಅಂಗೇ ಮಡಗ್ಬುಡು, ಎಲ್ಲಿತ್ತೋ ಅಲ್ಲೇ. ಆ ವೊತ್ನಲ್ಲಿ ನಾನ್ ಅತ್ಲಾಗ್ ಓಗಾಕಿಲ್ಲ."

ಕಣ್ಣು ಒದ್ದೆಯಾಗುವ ಮುಕ್ತಾಯ. ಅದಕ್ಕೇ ಅನುಮಾನ. ಬೆರಳು ಕಳೆದುಕೊಂಡವನ ಬಾಯಿಂದ ಇಂಥ ದೊಡ್ಡ ಮಾತು ಆಡಿಸುವುದು ನನಗೆ ಎಷ್ಟು ಸುಲಭ! ನನ್ನ ಬೆರಳುಗಳು ನೆಟ್ಟಗಿವೆ.

"ನೀವ್ ಆಡ್ಸಿದ್ದಲ್ಲ," ಅಂದ ಅರುಣ. "ಅವ್ನೇ ಅಂದಿದ್ದು. ನಾನು ಫೋನ್ನ ವಾಪಸ್ ಡಬ್ಬಕ್ಕೆ ಹಾಕ್ದೆ ಸಾ."

"ಯಾಕೆ ಹಾಕಿದೆ? ಇನ್ನೊಂದು ಕೈ ಹೋದರೆ?"

ಯಾವ ಉಪಕರಣದ ಬಗ್ಗೆಯಾದರೂ ಅಭಿಪ್ರಾಯವಿದ್ದ ಮನುಷ್ಯ ತನ್ನ ಅಪ್ಪನ ಫೋನಿನ ಬಗ್ಗೆ ಒಂದೂ ಮಾತು ಆಡಲಿಲ್ಲ.

11.

ಹಾಗಾಗಿ ಇದು ಮುಗಿಯುವುದಿಲ್ಲ. ಮರೆವು ಅನ್ನುವುದಿದೆ. ಬೆಲ್ಟು ಜಾರುವುದು ನಮ್ಮ ಊಟದ ಹೊತ್ತು ಕೇಳಿಕೊಂಡಲ್ಲ. ಲಕ್ಕಯ್ಯ ಬಾರದ ದಿನ, ವಿಷಯ ತಿಳಿಯದ ಬೇರೊಬ್ಬ ಆಳು ಬಂದಾನು. ಒಂದು ದಿನ ಕಂಪನಿಯವರೇ ಆ ನಂಬರನ್ನು ನಿಲ್ಲಿಸಿಯಾರು. ಅವತ್ತು ಬೆಳ್ಳಮ್ಮನಿಗೆ, ನೀವು ಕರೆ ಮಾಡಿದ ಚಂದಾದಾರರು ಅಂತ ಶುರುವಾಗುವ ಹೆಣ್ಣುಧ್ವನಿ ಕೇಳಿಸೀತು. ಆ ದಿನವನ್ನು ನಾನು ಬರೆಯುವುದಿಲ್ಲ. ಬೇಕಾದವರು ಬರೆದುಕೊಳ್ಳಿ.

ನನ್ನ ಕೈಲಾಗುವುದು ಒಂದೇ. ಈ ಕಥೆಯೊಳಗೆ ಈಗ ಬಿಸಿಲು ನೆತ್ತಿಗೇರಿದೆ, ಹಗಲು ಕರೆಂಟಿನ ವಾರ, ಫ್ಯೂಸು ಅದರ ಜಾಗದಲ್ಲಿದೆ. ಬಾಗೂರಿನ ಆ ಅಡಿಗೆಮನೆಯಲ್ಲಿ ಮುದ್ದೆ ಇಳಿದಿದೆ. ಬೆಳ್ಳಮ್ಮ ಕೈ ಒರೆಸಿಕೊಂಡು ಫೋನು ತೆಗೆದುಕೊಳ್ಳುತ್ತಿದ್ದಾಳೆ. ತೋಟದಲ್ಲಿ ಬೆಲ್ಟು ಮತ್ತೆ ಜಾರಿದೆ, ಯಾರೋ ಅದರ ಹತ್ತಿರ ಬಗ್ಗಿದ್ದಾರೆ.

ಲಕ್ಕಯ್ಯ, ನೀನೇನಾ ಅದು? ಉಣ್ಣೋ ಹೊತ್ತಾಯ್ತು. ಕೈ ತೆಗಿ.