ಹೊದಿಕೆಯ ಮೇಲಿನ ಹೆಸರು

ಹೊಲಿಗೆಯಕ್ಕನ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದು ಅವಳದು, ಇನ್ನೊಂದು ಗಿಣಿಯದು. ಗಿಣಿ ಎಂಬುದು ಬೀದಿಯವರು ಇಟ್ಟ ಹೆಸರು. ಅಷ್ಟು ಮಾತಿನ ಮಲ್ಲಿ ಅವಳು. ಮೂರು ವರ್ಷ ಒಂದು ದಿನವೂ ತಪ್ಪದೆ ಸಂಜೆ ಐದಕ್ಕೆ ಬಂದು, ಚಹಾ ಕುಡಿದು, ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತ ಊರಿನ ಸುದ್ದಿಯನ್ನೆಲ್ಲ ಅಲ್ಲಿ ಸುರಿದು ಹೋಗುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಹೊಲಿಗೆಯಕ್ಕನನ್ನು ಊಟ ಆಯ್ತಾ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಅಳತೆ ಕೊಡಲು ಬರುವವರು ಅಳತೆಯಷ್ಟೇ ಮಾತಾಡಿ ಹೋಗುತ್ತಾರೆ.

ನಾಲ್ಕು ತಿಂಗಳಿಂದ ಆ ಕುರ್ಚಿ ಖಾಲಿ. ಪಕ್ಕದ ಮೇಜೂ ಖಾಲಿ. ಮೇಜಿನ ಮೇಲಿದ್ದುದು ಕಸೂತಿ ಮಿಶಿನ್, ತಾಯಿ ಕೊಡಿಸಿದ್ದು. ಅಲ್ಲಿ ಈಗ ಅದರ ನಾಲ್ಕು ಕಾಲಿನ ಗುರುತು ಮಾತ್ರ ಉಳಿದಿತ್ತು.

ಹೋಟೆಲೊಂದರ ಪರದೆ ಕೆಲಸ ಸಿಕ್ಕಿದೆ, ಹದಿನೈದು ದಿನದ ಮಟ್ಟಿಗೆ ಕೊಡಿ ಎಂದು ಗಿಣಿ ಕೇಳಿದ್ದಳು. ಹೊಲಿಗೆಯಕ್ಕ ಹಿಂದೆಮುಂದೆ ನೋಡಲಿಲ್ಲ. ಧೂಳು ಹಿಡಿಯದಿರಲೆಂದು ಹೊಸ ಹೊದಿಕೆ ಹೊಲಿದು, ಮೂಲೆಯಲ್ಲಿ ಕೆಂಪು ದಾರದಿಂದ ಗಿಣಿಯ ಹೆಸರನ್ನೂ ಹಾಕಿ ಕಳಿಸಿದಳು. ಅದು ತಾಯಿಯಿಂದ ಬಂದ ಪಾಠ. ಕೋಣೆ ಬಿಟ್ಟು ಏನೇ ಹೊರಗೆ ಹೋದರೂ, ಯಾರ ಕೈಗೆ ಹೋಗುತ್ತದೋ ಅವರ ಹೆಸರು ಅದರ ಮೇಲಿರಬೇಕು. ಆಗ ಒಬ್ಬರದು ಇನ್ನೊಬ್ಬರಿಗೆ ಹೋಗುವುದಿಲ್ಲ.

ಹದಿನೈದು ದಿನ ಕಳೆಯಿತು, ತಿಂಗಳಾಯಿತು. ಆಮೇಲೆ ಹಿಂದಿನ ಬೀದಿಯಲ್ಲಿ ಗಿಣಿ ತನ್ನದೇ ಅಂಗಡಿ ತೆರೆದಳು. ಮಿಶಿನ್ ಅಲ್ಲಿ ಬಾಗಿಲೆದುರೇ ಕೂತಿತ್ತು. ಕೇಳಲು ಹೋದ ಹೊಲಿಗೆಯಕ್ಕನಿಗೆ ಗಿಣಿ ಗಿರಾಕಿಗಳ ಮುಂದೆ ಹೊದಿಕೆಯ ಮೂಲೆ ಮಡಚಿ ತೋರಿಸಿದಳು.

"ನೋಡಿ ಅಕ್ಕ, ನನ್ನ ಹೆಸರು ಹಾಕಿ ಕೊಟ್ಟಿದೀರ. ಪ್ರೀತಿಯಿಂದ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ?"

ಯಾರೋ ಕಿಸಕ್ಕನೆ ನಕ್ಕರು. ಹೊಲಿಗೆಯಕ್ಕ ಮುಖ ಸಣ್ಣದು ಮಾಡಿಕೊಂಡು ಹಿಂದಿರುಗಿದಳು.

ದೂರದಲ್ಲಿದ್ದ ತಮ್ಮ ಫೋನಿನಲ್ಲೇ ಕೆಂಡಾಮಂಡಲವಾದ. ನಾಲ್ಕು ಜನರನ್ನು ಕರೆದುಕೊಂಡು ಬಂದು ಮಿಶಿನ್ ಎತ್ತಿಕೊಂಡು ಬರುತ್ತೇನೆ, ಕೋರ್ಟು ಕಚೇರಿ ಎಂದು ಅಲೆದರೆ ಚಪ್ಪಲಿ ಸವೆಯುತ್ತದೆಯೇ ಹೊರತು ಮಿಶಿನ್ ಬರುವುದಿಲ್ಲ ಎಂದ. ಬೇಡವೆಂದು ಅವನನ್ನು ಸುಮ್ಮನಿರಿಸಿ, ಅವಳೂ ಸುಮ್ಮನಾದಳು.

ಒಂದು ದಿನ ಕೋಟಿನ ತೋಳು ಚಿಕ್ಕದು ಮಾಡಿಸಲು ವಕೀಲಮ್ಮ ಬಂದರು. ಉಚಿತ ಕಾನೂನು ನೆರವು ಕೇಂದ್ರದಲ್ಲಿ ಅವರ ಕೆಲಸ. ಇಷ್ಟು ಸಣ್ಣ ಕೋಣೆಯಲ್ಲಿ ಇಷ್ಟು ದೊಡ್ಡ ಮೇಜು ಏಕೆ ಖಾಲಿ ಬಿಟ್ಟಿದ್ದೀರಿ ಎಂದು ಕೇಳಿದರು. ಹೊಲಿಗೆಯಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಎಲ್ಲವನ್ನೂ ಹೇಳಿದಳು. ಕೊನೆಗೆ, ಹೆಸರು ಹೊಲಿದವಳು ನಾನೇ ಆದ ಮೇಲೆ ಕಾನೂನು ತಾನೇ ಏನು ಮಾಡೀತು ಎಂದಳು.

ವಕೀಲಮ್ಮ ಮೂಲೆಯಲ್ಲಿದ್ದ ಬಟ್ಟೆಗಂಟನ್ನು ತೋರಿಸಿದರು. "ಅದರ ಮೇಲೆ ಯಾರ ಹೆಸರಿದೆ?"

"ಕಾಜಾ ಹೊಲಿಯೋನದು. ಗುಂಡಿ ತೂತು ಹೊಲಿಯೋಕೆ ನಾಳೆ ಅವನಿಗೆ ಕಳಿಸಬೇಕು."

"ಹಾಗಾದ್ರೆ ಅದರಲ್ಲಿರೋ ಅಂಗಿಗಳೆಲ್ಲ ಅವನದಾ? ಇನ್ನು ಜನ್ಮದಲ್ಲಿ ಅಂಗಿ ಕೊಳ್ಳಬೇಕಾಗಿಲ್ಲ ಬಿಡಿ ಅವನು."

ಎಷ್ಟೋ ದಿನಗಳ ಮೇಲೆ ಆ ಕೋಣೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕರು.

ವಕೀಲಮ್ಮ ಬಿಡಿಸಿ ಹೇಳಿದರು. ನಂಬಿ ಕೈಗಿಟ್ಟ ವಸ್ತುವನ್ನು ಅಪ್ರಾಮಾಣಿಕವಾಗಿ ತನ್ನದು ಮಾಡಿಕೊಳ್ಳುವುದು ಅಪರಾಧ, ಅದರ ಹೆಸರು ನಂಬಿಕೆ ದ್ರೋಹ. ಪರಿಚಯದವರು ಮಾಡಿದರೂ ಅಪರಾಧ ಅಪರಾಧವೇ. ಮೊದಲು ನೋಟಿಸು ಕಳಿಸಿ, ಬಗ್ಗದಿದ್ದರೆ ಪೊಲೀಸರಿಗೆ ದೂರು ಕೊಡಬಹುದು. ಬೇರೆಯಾಗಿ, ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಕೊಡಿಸಿ ಎಂದು ಸಿವಿಲ್ ಕೋರ್ಟಿಗೂ ಹೋಗಬಹುದು. ಆದರೆ ತಮ್ಮ ಹೇಳಿದಂತೆ ನುಗ್ಗಿ ಎತ್ತಿಕೊಂಡು ಬಂದರೆ ದೂರು ತಿರುಗಿ ನಿಮ್ಮ ಮೇಲೆಯೇ ಬಂದೀತು. ಈಗ ಹೇಳಿ, ಸಾಕ್ಷಿಗೆ ನಿಮ್ಮ ಹತ್ತಿರ ಏನೇನಿದೆ?

ಮಿಶಿನ್ ನಂಬರಿದ್ದ ಬಿಲ್ಲು ಡ್ರಾಯರಿನಲ್ಲಿತ್ತು. ಕೊಟ್ಟದ್ದಕ್ಕೆ ಬರಹ ಇರಲಿಲ್ಲ. ಹೊಲಿಗೆಯಕ್ಕ ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಗಿಣಿ ಧ್ವನಿಯಲ್ಲಿ ಕಳಿಸಿದ್ದ ಸಂದೇಶಗಳು ಒಂದೂ ಅಳಿಸಿರಲಿಲ್ಲ.

"ಊಟ ಆಯ್ತಾ ಅಕ್ಕ? ನಿಮ್ಮ ಮಿಶಿನ್ನ ಮಗು ಥರ ನೋಡ್ಕೊಂಡಿದೀನಿ. ಪರದೆ ಇನ್ನೂ ಮುಗೀಲಿಲ್ಲ. ಇನ್ನೊಂದೆಂಟು ದಿನ ಬಿಟ್ಟು ನಾನೇ ತಂದಿಡ್ತೀನಿ, ಆಯ್ತಾ?"

ಇದನ್ನೆಲ್ಲ ಏಕೆ ಇಟ್ಟುಕೊಂಡಿದ್ದೀರಿ ಎಂದು ವಕೀಲಮ್ಮ ಕೇಳಲಿಲ್ಲ. ಸಂಜೆ ಐದಕ್ಕೆ ಫೋನಿನಲ್ಲಿ ಆ ಧ್ವನಿ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದೆ ಎಂದು ಹೊಲಿಗೆಯಕ್ಕನೂ ಹೇಳಲಿಲ್ಲ. ಹೇಳಿದ್ದು ಇಷ್ಟೇ: "ನೋಟಿಸು ಕಳಿಸಿದ್ರೆ ಅವಳು ಇನ್ಯಾವತ್ತೂ ಈ ಕಡೆ ಬರಲ್ಲ."

"ಈಗ ಬರ್ತಿದ್ದಾಳಾ?"

ಹೊಲಿಗೆಯಕ್ಕ ಡ್ರಾಯರ್ ಎಳೆದು ಬಿಲ್ಲು ತೆಗೆದುಕೊಟ್ಟಳು.

ಮೊದಲು ನೋಟಿಸು ಹೋಯಿತು, ಅಂಚೆಯಲ್ಲಿ, ತಲುಪಿದ್ದಕ್ಕೆ ಸಹಿ ಬರುವಂತೆ. ಹದಿನೈದು ದಿನದ ಗಡುವು ಮುಗಿದರೂ ಗಿಣಿಯಿಂದ ಸದ್ದಿಲ್ಲ. ಠಾಣೆಯಲ್ಲಿ, ಗೆಳತಿಯರ ಜಗಳ ನೀವೇ ಬಗೆಹರಿಸಿಕೊಳ್ಳಿ ಎಂದರು. ವಕೀಲಮ್ಮ ಹೇಳಿಕೊಟ್ಟಿದ್ದಂತೆ ಹೊಲಿಗೆಯಕ್ಕ ಬರೆದ ದೂರು ಮುಂದಿಟ್ಟು, ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿಸಿಕೊಳ್ಳದೆ ಬೆಂಚು ಬಿಟ್ಟು ಏಳಲಿಲ್ಲ. ಪಕ್ಕದಲ್ಲಿ ತಮ್ಮನೂ ಇದ್ದ, ಒಬ್ಬನೇ ಬಂದಿದ್ದ. ಮುದ್ರೆ ಬಿದ್ದ ಕಾಗದವನ್ನು ಎರಡೆರಡು ಸಲ ಓದಿ, ಇದನ್ನ ಮೊದಲೇ ಮಾಡಬೇಕಿತ್ತು ಅಕ್ಕ ಎಂದ.

ನೆರವು ಕೇಂದ್ರದವರು ಇಬ್ಬರನ್ನೂ ಮಾತುಕತೆಗೆ ಕರೆಸಿದರು. ಪ್ರೀತಿಯಿಂದ ಕೊಟ್ಟದ್ದು ಎಂದು ಗಿಣಿ ಮತ್ತೆ ಶುರುಮಾಡಿದಳು. ವಕೀಲಮ್ಮ ಫೋನ್ ಒತ್ತಿದರು. ಊಟ ಆಯ್ತಾ ಅಕ್ಕ ಎಂಬ ಧ್ವನಿ ಆ ಕೋಣೆಯಲ್ಲೆಲ್ಲ ಕೇಳಿಸಿತು. ಗಿಣಿ ಮಿಶಿನ್ ಹಿಂದಿರುಗಿಸುತ್ತೇನೆಂದು ರಾಜಿಪತ್ರಕ್ಕೆ ಸಹಿ ಹಾಕಿದಳು, ತಲೆ ಎತ್ತದೆ ಹೋದಳು.

ಮಿಶಿನ್ ಮೇಜಿಗೆ ಬಂತು. ಅದರ ಕಾಲುಗಳು ಹಳೆಯ ಗುರುತಿನ ಮೇಲೇ ಕೂತವು. ಸಂಜೆ ಐದಕ್ಕೆ ಹೊಲಿಗೆಯಕ್ಕ ಹೊದಿಕೆಯ ಕೆಂಪು ದಾರವನ್ನು ಒಂದೊಂದೇ ಎಳೆಯಾಗಿ ಬಿಚ್ಚಿದಳು. ಅಕ್ಷರ ಹೋದರೂ ಸೂಜಿ ಚುಚ್ಚಿದ ತೂತುಗಳು ಉಳಿದವು. ಆ ಜಾಗದಲ್ಲೇ ತನ್ನ ಹೆಸರು ಹೊಲಿದಳು. ಆ ಸಂಜೆ ಫೋನಿನಲ್ಲಿ ಗಿಣಿಯ ಧ್ವನಿ ಹಾಕಲಿಲ್ಲ. ಮಿಶಿನ್ನಿನ ಸದ್ದೇ ಕೋಣೆ ತುಂಬಿಕೊಂಡಿತು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ನಿಮಗೆ ಒಂದು ಮಾತು. ಯಾರನ್ನೂ ನಂಬಬೇಡಿ ಎಂದು ನಾವು ಹೇಳುವುದಿಲ್ಲ. ನಂಬಿ. ಆದರೆ ಬೆಲೆಬಾಳುವ ವಸ್ತುವನ್ನು ಕೊಡುವಾಗ, ಏನು ಕೊಟ್ಟಿರಿ, ಯಾವಾಗ ಹಿಂದಿರುಗಬೇಕು ಎಂದು ಎರಡು ಸಾಲು ಬರೆದು ಸಹಿ ಮಾಡಿಸಿಕೊಳ್ಳಿ. ಬಿಲ್ಲು, ಫೋಟೋ, ಸಂದೇಶ ಯಾವುದನ್ನೂ ಕಳೆಯಬೇಡಿ. ದೂರಿಗೂ ದಾವೆಗೂ ಕಾಲಮಿತಿ ಇರುತ್ತದೆ, ಸಂಕೋಚದಲ್ಲಿ ಅದನ್ನು ದಾಟಿಸಬೇಡಿ. ಹೇಳಿಕೊಳ್ಳಲು ಯಾರೂ ಇಲ್ಲ ಎನಿಸಿದರೆ, ಕಾನೂನು ನೆರವು ಕೇಂದ್ರದಲ್ಲಿ ನಿಮಗಾಗಿ ಒಂದು ಕುರ್ಚಿ ಇದೆ. ಹೋಗಿ ಕೂತುಕೊಳ್ಳಿ.