ಗೋಪಾಲರಾಯರ ಕಿವಿ

ಬಾಗಿಲಿಗೆ ಬಡಿಯದಂತೆ ಗೋಪಾಲರಾಯರ ಚಟ್ಟವನ್ನು ಓರೆ ಮಾಡಿ ಹೊರಗೆ ದಾಟಿಸುತ್ತಿದ್ದಾಗ ಮಗಳು ತುಂಗಾ ಹಿತ್ತಲಿನಿಂದ ಓಡಿ ಬಂದಳು.

“ಕಾಕಾ, ಲಕ್ಷ್ಮೇಶ್ವರದವರು ಇನ್ನೂ ಬಂದಿಲ್ಲಲ್ಲ!”

“ನಿಮ್ಮಮ್ಮನ್ನ ಕೇಳೇ ಎತ್ತೀವಿ. ಗೋಣು ಹಾಕಿದಳು,” ಎಂದ ಗೋಪಾಲರಾಯರ ತಮ್ಮ ಜಯತೀರ್ಥ.

ಯಮುನಾಬಾಯಿ ಗೋಣು ಹಾಕಿದ್ದೇನೋ ನಿಜ. ಆದರೆ ಮೈದುನ ಅಳುತ್ತ, ಧೋತರದ ಅಂಚಿನಿಂದ ಬಾಯಿ ಮುಚ್ಚಿಕೊಂಡು ಏನು ಕೇಳಿದ್ದನೆಂಬುದು ಅವಳಿಗೆ ತಿಳಿದಿರಲಿಲ್ಲ. ತುಟಿ ಕಾಣದಿದ್ದರೆ ಅವಳ ಪಾಲಿಗೆ ಎಲ್ಲರೂ ಮೂಕರೇ. ಗಂಡನ ಕಿವಿಗೆ ಯಾರೋ ಹತ್ತಿ ತುರುಕಿದ್ದರು. ಅದನ್ನು ನೋಡಿ ಅವಳಿಗೆ ನಗು ಬಂದಂತಾಯಿತು.

*

ಬೆಟಗೇರಿಯವರ ಪ್ರಕಾರ ಗೋಪಾಲರಾಯರು ಕಿವುಡರು. ಹತ್ತಿಯ ಜಿನ್ನಿನಲ್ಲಿ ಗುಮಾಸ್ತಿಕೆ ಮಾಡಿ ಮಾಡಿ ಯಂತ್ರದ ಗದ್ದಲಕ್ಕೆ ಕಿವಿ ಹೋಗಿದೆಯೆಂದು ಅವರೇ ಸಾರಿಕೊಂಡು ಬಂದಿದ್ದರು. ಆ ಮನೆಗೆ ಬಂದವರು ಬಯಲಾಟದವರಂತೆ ಕೂಗಿ ಮಾತಾಡುತ್ತಿದ್ದರು. ಅವರು ಹೇಳಿದ್ದನ್ನು ರಾಯರು ಹೆಂಡತಿಯ ಕಡೆ ಮುಖ ಮಾಡಿ, “ಮಳಿ ಆಗ್ಯದಂತೀರಿ? ಹಂಗೇನು?” ಎಂದು ಇನ್ನೊಮ್ಮೆ ಕೂಗುತ್ತಿದ್ದರು. ಕಿವುಡರ ಚಾಳಿಯೇ ಹಾಗೆಂದು ಎಲ್ಲರೂ ಸುಮ್ಮನಿದ್ದರು.

ನಿಜಕ್ಕೂ ಕಿವಿ ಹೋಗಿದ್ದು ಯಮುನಾಬಾಯಿಯದು. ಅವಳ ಅಪ್ಪನಿಗೂ ಅಕ್ಕನಿಗೂ ನಡುವಯಸ್ಸಿನಲ್ಲೇ ಹೀಗಾಗಿತ್ತು. ರಕ್ತದಲ್ಲೇ ಬಂದದ್ದು ಎಂದು ಅಕ್ಕನ ಮಗಳ ಸಂಬಂಧವನ್ನು ಶಿರಹಟ್ಟಿಯವರು ಮುರಿದುಕೊಂಡು ಹೋಗಿದ್ದರು. ತುಂಗಾಗೆ ಹಾಗಾಗಬಾರದೆಂದು ರಾಯರು ಹೆಂಡತಿಯ ಕಿವುಡನ್ನು ತಮ್ಮ ತಲೆಯ ಮೇಲೆ ಎಳೆದುಕೊಂಡರು.

ಧಾರವಾಡ ರೇಡಿಯೋ ಶುರುವಾದ ಮೇಲೆ, ಮುರಿದುಬಿದ್ದ ನಾಟಕ ಕಂಪನಿಯೊಂದರ ಆಂಪ್ಲಿಫಾಯರನ್ನು ಕೊಂಡು ತಂದು ಮನೆಯ ರೇಡಿಯೋಕ್ಕೆ ಜೋಡಿಸಿದ್ದರು. ಅದು ಬರಬರುತ್ತ ಹಾಡಿಗಿಂತ ಹೆಚ್ಚು ಗೊರಕೆ ಹೊಡೆಯತೊಡಗಿತು. ಹೊಸದಕ್ಕೆ ಕೈಯಲ್ಲಿ ದುಡ್ಡಿಲ್ಲ. ಹಳೆಯದರ ಜೊತೆ ತಮ್ಮ ಸೈಕಲ್ಲನ್ನೂ ಕೊಟ್ಟು, ಮಿಲಿಟರಿಯವರು ಹರಾಜು ಹಾಕಿದ್ದೊಂದನ್ನು ಹುಬ್ಬಳ್ಳಿಯಲ್ಲಿ ಕುದುರಿಸಿದರು.

“ಮನಿಗೆ ಇಷ್ಟ್ಯಾಕ್ರೀ? ಇದು ಮೈದಾನಕ್ಕ ಸಾಕಾಗತೈತಿ,” ಎಂದ ರಿಪೇರಿಯ ಹೊಳೆಯಪ್ಪ.

“ನನ್ನ ಕಿವಿಗೆ ಮೈದಾನದ್ದ ಬೇಕಪಾ,” ಎಂದರು ರಾಯರು.

ಆ ಸಂಜೆ ಹೆಂಡತಿಯನ್ನು ಎದುರಿಗೆ ಕೂರಿಸಿ, ಅವಳ ಮುಖ ಅರಳುವವರೆಗೂ ಗುಂಡಿ ತಿರುಗಿಸಿದರು. ಆಮೇಲೆ ಜಿನ್ನಿನಿಂದ ತಂದ ಹತ್ತಿಯನ್ನು ತಮ್ಮ ಎರಡೂ ಕಿವಿಗೆ ತುರುಕಿಕೊಂಡು, ರುಮಾಲು ಕೆಳಗೆಳೆದು, ಪಕ್ಕದಲ್ಲಿ ಕುಳಿತು ತಲೆದೂಗಿದರು. ಮರುದಿನದಿಂದ ಕೆಲಸಕ್ಕೆ ನಡೆದೇ ಹೋದರು.

*

ಸಾವಿನ ಮನೆಯಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ಅದೇ ಇಂದು ಯಮುನಾಬಾಯಿಗೆ ಸಂಕಟವಾಗಿತ್ತು. ಎಲ್ಲರದೂ ಪಿಸುಮಾತು, ಎಲ್ಲರ ಬಾಯಿಗೂ ಸೆರಗು. ಅವಳು ಎಲ್ಲದಕ್ಕೂ ಒಂದೇ ಉತ್ತರ ಹುಡುಕಿಟ್ಟುಕೊಂಡಿದ್ದಳು.

“ರಾಯರು ರೇಡಿಯೋ ಹಚ್ಚಿದ್ರ ನಮ್ಮ ಮಗ್ಗ ನಡುಗ್ತಿತ್ರೀ. ನಿನ್ನಿ ಅದು ಸುಮ್ಮಗಿತ್ತು, ನನಗ ನಿದ್ದೀನ ಹತ್ತಲಿಲ್ಲ,” ಎಂದಳು ಪಕ್ಕದ ಮನೆಯ ರಹಿಮತಬಿ.

“ದೇವರ ಇಚ್ಛಾ,” ಎಂದಳು ಯಮುನಾಬಾಯಿ.

ಬಿಸಿಲೇರಿದ ಮೇಲೆ ಲಕ್ಷ್ಮೇಶ್ವರದ ಸರಸ್ವತಿಬಾಯಿ ಬಂದಳು. ತುಂಗಾಳನ್ನು ಮಗನಿಗೆ ತಂದುಕೊಳ್ಳುವುದಾಗಿ ಮಾತು ಕೊಟ್ಟವಳು; ನಿಶ್ಚಯದ ಎಲೆ ಅಡಿಕೆ ಇನ್ನೂ ಆಗಿರಲಿಲ್ಲ. ತುಂಗಾ ಆಗ ಹಿತ್ತಲಿನಲ್ಲಿ ನೀರು ಸೇದುತ್ತಿದ್ದಳು. ಸರಸ್ವತಿಬಾಯಿ ಗೋಡೆಗೆ ಒರಗಿ ಕುಳಿತು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಕೇಳಿದಳು.

“ಮೆರವಣಿಗಿ ಸಲುವಾಗಿ ಬಸ್ಸು ನಿಂತುಬಿಟ್ಟಿತ್ರೀ. ಒಂಚೂರು ಕಾಯಬಾರದಿತ್ತೇನು? ಮುಖಾನೂ ಸಿಗಲಿಲ್ಲ ನಮಗ.”

ಯಮುನಾಬಾಯಿ ಗಂಡನ ಖಾಲಿ ಕುರ್ಚಿಯ ಕಡೆ ನೋಡಿದಳು. “ದೇವರ ಇಚ್ಛಾ.”

ಸರಸ್ವತಿಬಾಯಿಯ ಮುಖ ಬಿಗಿಯಿತು. “ತುಂಗಾ ಎಲ್ಲಿದ್ದಾಳ್ರೀ?”

“ದೇವರ ಇಚ್ಛಾ.”

ಬೀಗಿತಿಯಾಗುವವಳ ಹುಬ್ಬು ಗಂಟಿಕ್ಕಿದ್ದು ಕಂಡಿತು. ಏನೋ ತಪ್ಪಾಗಿದೆ, ಏನೆಂಬುದು ತಿಳಿಯದು. ಅವಳು ನೆಲ ನೋಡುತ್ತ ಕುಳಿತಳು.

ಅಷ್ಟರಲ್ಲಿ ಬೀದಿಗೆ ಮೆರವಣಿಗೆ ಬಂದಿತು. ಅಂದು ಕನ್ನಡನಾಡು ಒಂದಾದ ದಿನ. ಲಾರಿಯ ಮೇಲಿನ ಲೌಡ್‌ಸ್ಪೀಕರು ಕಿಟಕಿಯ ಹೊರಗೇ ಜಯಕಾರ ಹಾಕಿತು. ಕುಳಿತ ಹೆಂಗಸರೆಲ್ಲ ಬೆಚ್ಚಿ ಅತ್ತ ತಿರುಗಿದರು. ಗೂಟಕ್ಕೆ ಕಟ್ಟಿದ ಕರು ಕೂಡ ಜಿಗಿಯಿತು. ಈಚೆಗೆ ಆಂಪ್ಲಿಫಾಯರಿನ ಎದುರಿಗೇ ಕೂತರಷ್ಟೇ ಕೇಳಿಸುವಷ್ಟು ಕಿವಿ ಮಂದವಾಗಿದ್ದ ಯಮುನಾಬಾಯಿ ಮಾತ್ರ ನೆಲದ ಮೇಲಿಟ್ಟ ಕಣ್ಣು ಎತ್ತಲಿಲ್ಲ.

ಎತ್ತಿದಾಗ ಸರಸ್ವತಿಬಾಯಿ ತನ್ನನ್ನೇ ನೋಡುತ್ತಿದ್ದಳು. ಆಮೇಲೆ ಅವಳ ನೋಟ ಮೂಲೆಯ ಆಂಪ್ಲಿಫಾಯರಿನತ್ತ, ಅದರೆದುರಿನ ಎರಡು ಕುರ್ಚಿಗಳತ್ತ ಹೋಗಿ ಮತ್ತೆ ಇತ್ತ ಬಂತು. ಗೊತ್ತಾಗಿಹೋಯಿತು ಎಂದುಕೊಂಡಳು ಯಮುನಾಬಾಯಿ. ಒಂದು ದಿನವೂ ಕಾಪಾಡಿಕೊಳ್ಳಲಾಗಲಿಲ್ಲವಲ್ಲ ಎಂದು ಗಂಡನೆದುರು ನಾಚಿಕೆಯಾಯಿತು.

ಸರಸ್ವತಿಬಾಯಿ ಎದ್ದಳು. ಸಾವಿನ ಮನೆಯಿಂದ ಹೊರಡುವವರು ‘ಬರ್ತೇನಿ’ ಅನ್ನಬಾರದು, ಹಾಗೆಂದರೆ ಅಪಶಕುನ. ಅವಳೂ ಏನೂ ಹೇಳದೆ ಹೊಸ್ತಿಲು ದಾಟಿದಳು. ಪದ್ಧತಿಗೆ ಸುಮ್ಮನಾದಳೋ, ಸಂಬಂಧ ಕಡಿದುಕೊಂಡು ಹೋದಳೋ? ಕೇಳಿ ಹೇಳುವವರು ಆಗಲೇ ಚಿತೆಯ ಮೇಲಿದ್ದರು.

ಸರಸ್ವತಿಬಾಯಿ ಅಂಗಳದಲ್ಲಿ ನಿಂತಳು. ಕೊಡ ಹೊತ್ತು ಬಂದ ತುಂಗಾಳನ್ನು ನೋಡಿದಳು. ಮತ್ತೆ ಒಳಗೆ ಬಂದು, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಯಮುನಾಬಾಯಿಯ ಎದುರು ಕುಕ್ಕರುಗಾಲಿನಲ್ಲಿ ಕುಳಿತಳು. ಬಾಯಿಯ ಮೇಲಿನ ಸೆರಗು ಸರಿಸಿದಳು. ತುಂಗಾಳ ಕಡೆ ಕೈ ತೋರಿಸಿ, ತುಟಿಗಳನ್ನು ಅಗಲವಾಗಿ ತೆರೆದು, ನಿಧಾನವಾಗಿ ಆಡಿಸಿದಳು.

ಬರ್ತೇನಿ.

ಪಕ್ಕದಲ್ಲೇ ಕುಳಿತಿದ್ದ ರಹಿಮತಬಿಗೆ ಏನೂ ಕೇಳಿಸಲಿಲ್ಲ.